ಹಾಡಿನ ನಡುವೆ ನಿಂತುಹೋಗುವ ಶ್ರುತಿ

ಇರಾ ಮೇಲಿನ ಷಡ್ಜಕ್ಕೆ ಏರುತ್ತಿದ್ದಳು. ಅಷ್ಟರಲ್ಲಿ ಶ್ರುತಿಪೆಟ್ಟಿಗೆ ನಿಂತುಹೋಯಿತು.

ಅವಳೂ ನಿಲ್ಲಿಸಿ ನನ್ನ ಮುಖ ನೋಡಿದಳು.

"ಚೆನ್ನಾಗಿಲ್ಲ ಅಂದ್ರೆ ಜಸ್ಟ್ ಸೇ ಇಟ್, ಅಮ್ಮಾ. ಆಫ್ ಯಾಕೆ ಮಾಡ್ತೀಯಾ?"

ನಾನು ಅದನ್ನು ಮುಟ್ಟಿಯೇ ಇರಲಿಲ್ಲ...

ಜಪಾನಿನ ತ್ಸುಕುಬಾದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಹಾಡು, ವಾದ್ಯ ಯಾವುದಕ್ಕೂ ಅನುಮತಿಯಿಲ್ಲ. ಹಾಗಾಗಿ ಭಾನುವಾರ ಸೈಕಲ್ ಹತ್ತಿ ಪಾರ್ಕಿಗೆ ಬಂದು, ಕೊಳದ ಪಕ್ಕದ ಬೆಂಚಿನಲ್ಲಿ ಅಭ್ಯಾಸ.

ಅಲ್ಲಿ ಪ್ಲಗ್ ಎಲ್ಲಿಂದ ಬರಬೇಕು? ಫೋನಿನ ಚಾರ್ಜರ್ ವೈರಿನಲ್ಲೇ ನಡೆಯುವ ಪುಟ್ಟ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ, ಅದಕ್ಕೊಂದು ದೊಡ್ಡ ಪವರ್ ಬ್ಯಾಂಕ್. ಇಷ್ಟು ಸಾಕೆಂದುಕೊಂಡಿದ್ದೆ.

ಫೋನಿನಲ್ಲೇ ಆ್ಯಪ್ ಇದೆಯಲ್ಲ ಅನ್ನುತ್ತೀರಿ. ಇದೆ. ಬಯಲಿನಲ್ಲಿ ಅದರ ದನಿ ಸೊಳ್ಳೆಯಷ್ಟು.

ಕನ್ನಡ ಅರ್ಥವಾದರೂ ಅರ್ಧ ಇಂಗ್ಲಿಷ್ ಬೆರೆಸಿಯೇ ಉತ್ತರಿಸುವ ಮಗಳು, ಇಲ್ಲಿನ ಕನ್ನಡ ಕುಟುಂಬಗಳ ಪಿಕ್ನಿಕ್ಕಿನಲ್ಲಿ ಹಾಡುತ್ತೇನೆಂದು ತಾನಾಗಿಯೇ ಒಪ್ಪಿದ್ದಳು. ಈಗ "ಐ ಡೋಂಟ್ ವಾಂಟ್ ಟು" ಎಂದು ಹೊರಟೇಬಿಟ್ಟಳು.

ಪವರ್ ಬ್ಯಾಂಕಿನಲ್ಲಿ ನೋಡಿದರೆ ಚಾರ್ಜ್ ಪೂರ್ತಿ ಇದೆ.

ಮನೆಯಲ್ಲಿ ದನಿ ತಗ್ಗಿಸಿ ಪರೀಕ್ಷಿಸಿದೆ. ಫೋನನ್ನೂ ಅದೇ ಪವರ್ ಬ್ಯಾಂಕಿಗೆ ಚಾರ್ಜಿಗಿಟ್ಟು ಕವಿತೆ ಓದುತ್ತಾ ಕೂತೆ. ಶ್ರುತಿ ಒಂದೇ ಸಮ ನುಡಿಯುತ್ತಲೇ ಇತ್ತು.

ಮರುದಿನ ಒಬ್ಬಳೇ ಪಾರ್ಕಿಗೆ ಹೋದೆ. ಮತ್ತೆ ನಿಂತಿತು! ಪಾರ್ಕಿಗೂ ಇದಕ್ಕೂ ಏನು ಜಗಳ?

ನನ್ನ ಜೊತೆ ಎಂ.ಎ. ಓದುವ ಇಶಿದಾ ಸಾನ್, ಪುಟ್ಟ ಸಿಂಥಸೈಜರನ್ನು ಸೈಕಲ್ ಬುಟ್ಟಿಯಲ್ಲಿಟ್ಟುಕೊಂಡು ಹೊರಗೆಲ್ಲ ನುಡಿಸುವ ಹುಚ್ಚಿನವರು. ಅವರನ್ನು ಕೇಳಿದೆ.

ಶ್ರುತಿಪೆಟ್ಟಿಗೆಗೆ ಬೇಕಾದ ಕರೆಂಟ್ ತೀರ ಕಡಿಮೆಯಂತೆ. ಕರೆಂಟ್ ಕೇಳುವವರು ಯಾರೂ ಇಲ್ಲವೆಂದುಕೊಂಡು ಪವರ್ ಬ್ಯಾಂಕ್ ತಾನೇ ಮಲಗಿಬಿಡುತ್ತದಂತೆ. ಮನೆಯಲ್ಲಿ ಅದನ್ನು ಎಚ್ಚರವಾಗಿಟ್ಟಿದ್ದು ನನ್ನ ಫೋನು.

ಹೆಚ್ಚು ಕೇಳಿದರೆ ಕೊಡುತ್ತದೆ, ಕಡಿಮೆ ಕೇಳಿದರೆ ಇಲ್ಲ... ಮತ್ತೆ ಮತ್ತೆ ಹೇಳಿಸಿಕೊಂಡರೂ ನನ್ನ ತಲೆಗೆ ಹೋಗಲಿಲ್ಲ.

"ಅದಕ್ಕೆ ಜೊತೆ ಬೇಕು" ಎಂದು ನಕ್ಕು, ತಮ್ಮ ಪುಟ್ಟ ಯು.ಎಸ್.ಬಿ. ದೀಪವನ್ನು ಕೊಟ್ಟರು.

ಮುಂದಿನ ಭಾನುವಾರ, ಹಾಡೋದೇನೂ ಬೇಡ ಸುಮ್ಮನೆ ಬಾ ಎಂದು ಇರಾಳನ್ನು ಕರೆತಂದೆ. ಬೆಂಚಿನ ಮೇಲೆ ಶ್ರುತಿ, ಪಕ್ಕದಲ್ಲಿ ಅದೇ ಪವರ್ ಬ್ಯಾಂಕಿಗೆ ಸಿಕ್ಕಿಸಿದ ದೀಪ. ಸುಡು ಬಿಸಿಲು. ವಾಕಿಂಗಿಗೆ ಬಂದ ಅಜ್ಜಿಯೊಬ್ಬರು ದೀಪವನ್ನೂ ನನ್ನನ್ನೂ ನೋಡಿ ತಲೆಬಾಗಿ ಹೋದರು. ಪೂಜೆ ಎಂದುಕೊಂಡರೋ ಏನೋ!

"ಹಗಲಲ್ಲಿ ಲೈಟ್ ಯಾಕೆ?" ಎಂದಳು ಮಗಳು.

ನನಗೆ ತಿಳಿದಷ್ಟು ಹೇಳಿದೆ. ಅವಳು ನಂಬಲಿಲ್ಲ. ಕೈಚಾಚಿ ದೀಪದ ವೈರ್ ಕಿತ್ತಳು.

ನಾನು ಎರಡೂ ಕೈ ಮೇಲೆತ್ತಿ ಕೂತೆ. ಶ್ರುತಿ ನುಡಿಯುತ್ತಿದೆ... ನುಡಿಯುತ್ತಿದೆ... ನಿಂತಿತು.

"ಹೊಂತೋ!" ಜಪಾನಿಯಲ್ಲಿ 'ನಿಜವಾಗಿ' ಎಂದು ಕೂಗಿದಳು. "ನಿಜ್ವಾಗ್ಲೂ ನೀನಲ್ಲ!"

ನಗುತ್ತಲೇ ದೀಪವನ್ನು ಮತ್ತೆ ಸಿಕ್ಕಿಸಿ, ಪೆಟ್ಟಿಗೆಯನ್ನು ತನ್ನ ಹತ್ತಿರಕ್ಕೆ ಎಳೆದುಕೊಂಡಳು. ಮೇಲಿನ ಷಡ್ಜದಲ್ಲಿ ಎಷ್ಟು ಹೊತ್ತು ನಿಂತಳೆಂದರೆ, ನಾನು ದೀಪವನ್ನೇ ನೋಡುತ್ತಾ ಉಸಿರು ಹಿಡಿದಿದ್ದೆ.

ಕಡಿಮೆ ಕೇಳುವವರನ್ನು ಇಲ್ಲವೇ ಇಲ್ಲ ಎಂದುಕೊಳ್ಳುವ ಈ ಪವರ್ ಬ್ಯಾಂಕುಗಳ ಲೆಕ್ಕ, ನಿಮಗೆ ಯಾರಿಗಾದರೂ ಅರ್ಥವಾಗಿದೆಯೇ?