ಹೊಲಿಗೆ ಕೂಡುವವರೆಗಿನ ಕಾವಲು

ಶಸ್ತ್ರಚಿಕಿತ್ಸೆ ಚೆನ್ನಾಗಿ ಆಯಿತೆಂದು ಹೇಳಿ ಮನೆಗೆ ಕಳಿಸಿದ ಮೇಲೆಯೇ ಕೆಲವು ಹೆಂಗಸರ ಕಷ್ಟ ಶುರುವಾಗುತ್ತದೆ. ಗರ್ಭಕೋಶ ತೆಗೆಯುವಾಗ ಪಕ್ಕದ ಮೂತ್ರಕೋಶಕ್ಕೆ ಆದ ಸಣ್ಣ ಗಾಯ ತೂತಾಗಿ, ಯೋನಿಯ ಮೂಲಕ ಮೂತ್ರ ತಾನಾಗಿ ಸೋರತೊಡಗುತ್ತದೆ. ಹೇಳಿಕೊಳ್ಳಲು ನಾಚಿಕೆ, ಹೇಳದಿದ್ದರೂ ವಾಸನೆ ಹೇಳಿಬಿಡುತ್ತದೆ. ಚೆನ್ನೈಯಲ್ಲಿ ಅಂಥವರ ಚಿಕಿತ್ಸೆಯನ್ನೇ ತಮ್ಮ ಬಾಳಿನ ಕೆಲಸವೆಂದು ಹಿಡಿದ ಮೂತ್ರಾಂಗ ಶಸ್ತ್ರವೈದ್ಯೆ ಡಾ. ಜಲಜಾಕ್ಷಿಯವರು ಈಗ ಆಸ್ಪತ್ರೆಯ ಸೇವೆಯಿಂದ ನಿವೃತ್ತರಾಗುತ್ತಿದ್ದಾರೆ.

ಕುಂದಾಪುರ ಕಡೆಯ ಅವರ ತಂದೆ ಸೌಕಾರ್‌ಪೇಟೆಯಲ್ಲಿ ಹೋಟೆಲು ನಡೆಸುತ್ತಿದ್ದರು. ಗಂಡಸರೇ ತುಂಬಿದ್ದ ವಿಭಾಗಕ್ಕೆ ಮಗಳು ಸೇರಿದಾಗ, ಇಡ್ಲಿ ಬೇಯಿಸುವುದಕ್ಕಿಂತ ಕಷ್ಟದ ಕೆಲಸ ಇದು ಎಂದು ನಕ್ಕವರೂ ಇದ್ದರು. ಸೋರುವ ರೋಗಿಗಳನ್ನು ವಾರ್ಡಿನ ಕೊನೆಯ ಮೂಲೆಗೆ ಹಾಕುವ ಪದ್ಧತಿಯನ್ನು ಅವರು ಬಂದ ವರ್ಷವೇ ನಿಲ್ಲಿಸಿ, ಆ ಹೆಂಗಸರ ಮಂಚಗಳನ್ನು ಎಲ್ಲರ ನಡುವೆ, ಕಿಟಕಿಯ ಪಕ್ಕಕ್ಕೆ ತರಿಸಿದರು. ರೌಂಡ್ಸಿಗೆ ಬಂದಾಗ ಮಂಚದ ಕೆಳಗೆ ತೂಗುವ ಮೂತ್ರದ ಚೀಲವನ್ನು ಮೊದಲು ಬಗ್ಗಿ ನೋಡಿ, ಆಮೇಲೆ ರೋಗಿಯ ಮುಖ ನೋಡುವುದು ಅವರ ರೂಢಿ. "ಮೇಡಂ ಚೀಲಕ್ಕೆ ನಮಸ್ಕಾರ ಮಾಡಿಯೇ ಪೇಷಂಟಿಗೆ ಗುಡ್ ಮಾರ್ನಿಂಗ್ ಹೇಳೋದು" ಎಂದು ಹಿರಿಯ ನರ್ಸ್ ವಿಮಲಾ ತಮಾಷೆ ಮಾಡುತ್ತಿದ್ದರು.

ಅವರ ಸೇವೆಯನ್ನು ನೆನೆಯುವಾಗ ಚಿಕ್ಕತಾಯಮ್ಮನ ಸಂಗತಿಯನ್ನು ಬಿಡುವಂತಿಲ್ಲ. ಮಂಡ್ಯ ಕಡೆಯ ಈ ಹೆಂಗಸು ಅಂಬತ್ತೂರಿನಲ್ಲಿ ಮಗ ಅಭಿಲಾಷ್, ಸೊಸೆ ಮೌನ ಇವರ ಜೊತೆಗಿದ್ದಳು. ಬೇರೊಂದು ನರ್ಸಿಂಗ್ ಹೋಮಿನಲ್ಲಿ ಗರ್ಭಕೋಶ ತೆಗೆಸಿಕೊಂಡ ಕೆಲವೇ ದಿನಗಳಲ್ಲಿ ಸೋರಿಕೆ ಶುರುವಾಗಿತ್ತು. ಅಲ್ಲಿಗೆ ಹೋಗಿ ಕೇಳಿದರೆ ವಯಸ್ಸಾಯಿತು ಎಂದು ಹೇಳಿ ಕಳಿಸಿದ್ದರು.

"ಆ ಡಾಕ್ಟ್ರದೇ ತಪ್ಪಲ್ವಾ ಮೇಡಂ?" ಎಂದು ತಾಯಿಯನ್ನು ಜಲಜಾಕ್ಷಿಯವರ ಬಳಿಗೆ ಕರೆತಂದ ಅಭಿಲಾಷ್ ಸಿಟ್ಟಿನಿಂದ ಕೇಳಿದ.

"ಗಾಯ ಯಾರ ಕೈಯಲ್ಲೂ ಆಗಬಹುದು, ನನ್ನ ಕೈಯಲ್ಲೂ. ಆದದ್ದನ್ನು ಹೇಳದೆ ಕಳಿಸಿದ್ದು ತಪ್ಪು" ಎಂದರು ಜಲಜಾಕ್ಷಿಯವರು.

ಊತ ಇಳಿಯಲೆಂದು ಕೆಲವು ತಿಂಗಳು ಕಾಯಿಸಿ, ಆಮೇಲೆ ತೂತನ್ನು ಹೊಲಿದರು. ಹೊಲಿಗೆ ಕೂಡುವವರೆಗೆ ಮೂತ್ರಕೋಶ ತುಂಬಿ ಬಿಗಿಯಬಾರದು. ನಳಿಕೆಯಿಂದ ಮೂತ್ರ ಸದಾ ಚೀಲಕ್ಕೆ ಇಳಿಯುತ್ತಿರಬೇಕು. ಇದನ್ನು ಮನೆಯವರಿಗೆ ಬಿಡಿಸಿ ಹೇಳಿದ್ದರು. ಅಷ್ಟು ಕಾಲ ಸೋರಿ ಸೋರಿ ಸೋತ ಹೆಂಗಸಿನ ತಲೆಯಲ್ಲಿ ವಾಸಿಯಾಗುವುದೆಂದರೆ ಏನೆಂದು ಕೇಳುವುದು ಮಾತ್ರ ಅವರಿಗೂ ಹೊಳೆದಿರಲಿಲ್ಲ.

ಒಂದು ಬೆಳಿಗ್ಗೆ ಅವರು ರೌಂಡ್ಸಿಗೆ ಬಂದಾಗ ಮಂಚದ ಕೆಳಗೆ ಚೀಲವೇ ಇರಲಿಲ್ಲ. ಊರಿನಿಂದ ನೆಂಟರು ಬಂದಿದ್ದರೆಂದು ಚಿಕ್ಕತಾಯಮ್ಮ ಅದನ್ನು ಹೊದಿಕೆಯೊಳಗೆ ಎತ್ತಿಟ್ಟುಕೊಂಡಿದ್ದಳು. ಮಡಚಿದ ನಳಿಕೆ ತೊಡೆಯ ಕೆಳಗಿತ್ತು.

"ಒಂದು ತೊಟ್ಟೂ ಇಳ್ದಿಲ್ಲ ಕಣವ್ವ ಡಾಕ್ಟ್ರಮ್ಮ! ಸೋರೋದು ನಿಂತೋಯ್ತು. ವಾಸಿ ಆಗೋಯ್ತು ನಂಗೆ" ಎಂದಳು, ಮುಖ ಅರಳಿಸಿ.

ಜಲಜಾಕ್ಷಿಯವರು ತಟ್ಟನೆ ಹೊದಿಕೆ ಸರಿಸಿದರು. ಕಿಬ್ಬೊಟ್ಟೆ ಮುಟ್ಟಿದರು, ಬಿಗಿದಿತ್ತು. ಒಳಗೆ ಹೊಲಿಗೆ ಬಿಟ್ಟಿದ್ದರೆ ಪುನಃ ತಿಂಗಳುಗಟ್ಟಲೆ ಅದೇ ಸೋರಿಕೆ, ಇನ್ನೂ ಕಷ್ಟದ ಇನ್ನೊಂದು ಶಸ್ತ್ರಚಿಕಿತ್ಸೆ. ನಳಿಕೆ ಬಿಡಿಸಿ ಚೀಲವನ್ನು ಕೆಳಗಿಳಿಸಿದರು. ಒಂದು ಕ್ಷಣ ಏನೂ ಬರಲಿಲ್ಲ. ಆಮೇಲೆ ಮೂತ್ರ ಭರ್ರನೆ ಇಳಿಯಿತು. ಸೊಸೆ ಮೌನ ಗಾಬರಿಯಿಂದ "ಏನತ್ತೆ ಮಾಡ್ಕೊಂಡ್ರಿ ನೀವು!" ಎಂದು ಗದರಿದಾಗ ವೈದ್ಯೆ ಅವಳ ಕೈ ಹಿಡಿದು ತಡೆದರು.

"ಅವರನ್ನು ಬೈಬೇಡಮ್ಮ. ಚೀಲ ತುಂಬಿದರೆ ಒಳ್ಳೇದು ಅಂತ ನಾನು ಅವರಿಗೇ ಕೂತು ಹೇಳಬೇಕಿತ್ತು, ನಿಮಗಲ್ಲ."

ಮುಂದಿನ ದಿನಗಳಲ್ಲಿ ಅವರು ಕಾರಣವಿಲ್ಲದೆ ಆ ವಾರ್ಡಿಗೆ ಬಂದುಹೋಗುತ್ತಿದ್ದರು. ಹಾಸಿಗೆ ಒದ್ದೆಯಾಗಿಲ್ಲವೆಂದು ವಿಮಲಾ ಹೇಳಿದರೂ ನಂಬದೆ ತಾವೇ ಮುಟ್ಟಿ ನೋಡುತ್ತಿದ್ದರು.

ಪರೀಕ್ಷೆಯ ದಿನ ಬಂತು. ಯೋನಿಯಲ್ಲಿ ಹತ್ತಿಯುಂಡೆ ಇಟ್ಟು, ಮೂತ್ರಕೋಶಕ್ಕೆ ನೀಲಿ ನೀರು ತುಂಬಿದರು. ತೂತು ಉಳಿದಿದ್ದರೆ ಹತ್ತಿ ನೀಲಿಯಾಗುತ್ತದೆ. ಹೊರತೆಗೆದ ಹತ್ತಿಯನ್ನು ಜಲಜಾಕ್ಷಿಯವರು ಬೆಳಕಿಗೆ ಹಿಡಿದು, ತಿರುಗಿಸಿ ನೋಡಿ, ರೋಗಿಯ ಕಣ್ಣ ಮುಂದೆ ತಂದರು. ಎಲ್ಲಿಯೂ ನೀಲಿ ಇರಲಿಲ್ಲ.

"ಯಾಕವ್ವ ಅದ್ನ ಇಂಗೆ ತಿರುಗ್ಸಿ ತಿರುಗ್ಸಿ ನೋಡಿದ್ರಿ?" ಎಂದಳು ಚಿಕ್ಕತಾಯಮ್ಮ.

"ನಿಮಗಿಂತ ಹೆಚ್ಚು ನಾನು ಹೆದರಿದ್ದೆ ಮಾರಾಯ್ರೆ" ಎಂದ ಅವರು ಅಲ್ಲೇ ಸ್ಟೂಲಿನ ಮೇಲೆ ಕುಳಿತುಬಿಟ್ಟರು.

ಅಂದಿನಿಂದ ಅವರ ವಿಭಾಗದಲ್ಲಿ ಸೂಚನೆಗಳನ್ನು ಮೊದಲು ಹೇಳುವುದು ರೋಗಿಗೇ, ಅವರ ಭಾಷೆಯಲ್ಲೇ. ಹೇಳಿದ ಮೇಲೆ ಅವರ ಬಾಯಿಂದ ಅದನ್ನು ಮತ್ತೆ ಕೇಳಿಸಿಕೊಳ್ಳದೆ ಯಾವ ಕಿರಿಯ ವೈದ್ಯರೂ ಮಂಚದ ಬಳಿಯಿಂದ ಏಳುವಂತಿಲ್ಲ. ನಿವೃತ್ತಿಯ ನಂತರವೂ ಅವರು ಈ ಕಲಿಸುವ ಕೆಲಸವನ್ನು ಬಿಡುವುದಿಲ್ಲವೆಂದು ಮಾತು ಕೊಟ್ಟಿದ್ದಾರೆ. ಅವರಿಗೆ ದೀರ್ಘಾಯುಷ್ಯ ದೊರೆಯಲಿ, ಕೈ ಗಟ್ಟಿಯಾಗಿರಲಿ, ಇಷ್ಟು ವರ್ಷ ಕಳೆದುಕೊಂಡ ನಿದ್ದೆ ಇನ್ನಾದರೂ ಕಣ್ಣಿಗೆ ಹತ್ತಲಿ. ಹೆದರುವ ಆ ಮನಸ್ಸು ಮಾತ್ರ ಹಾಗೆಯೇ ಇರಲಿ. ಅನೇಕರು ಇಂದು ಒಣಬಟ್ಟೆಯಲ್ಲಿ ನಾಲ್ಕು ಜನರ ನಡುವೆ ಕೂತಿರುವುದು ಅದರಿಂದಲೇ.