ಸಿದ್ರಾಮನ ದಾಖಲೆಯೂ ಹಸಿ ಕಣವೂ

"ಆ ಇಂಗ್ಲೆಂಡಿನ ಬೌಲರ್ ನೋಡ ಅತ್ತಿ, ಟೆಸ್ಟಿನ್ಯಾಗ ಏಳನೂರ ನಾಕ ವಿಕೆಟ್ ತಗೊಂಡು ಹೋದ ವರ್ಷ ಆಟ ಬಿಟ್ಟ. ಜೋರ ಚೆಂಡ ಹಾಕವ್ರೊಳಗ ಅಷ್ಟ ಯಾರೂ ತಗೊಂಡಿಲ್ಲ. ಅವನೂ ನಾನೂ ಒಂದ ವಾರಿಗಿಯವ್ರು. ಅವ ಮೊದಲ ಟೆಸ್ಟ್ ಆಡಿದ ವರ್ಷನ ನಾನೂ ನಮ್ಮೂರ ಉಟಗಿ ಕಡಿಂದ ಆಡಾಕ ಇಳದೆ. ಅವನ ವಿಕೆಟ್ಟಿನ ಮ್ಯಾಲ ನನಗೇನ ಹೊಟ್ಟಿಕಿಚ್ಚಿಲ್ಲ. ಅವನ ಬೆನ್ನ ಹತ್ತಿದವ್ರ ಯಾರೂ ಇಲ್ಲಲ್ಲ, ಅದಕ್ಕ ಹೊಟ್ಟಿ ಉರೀತದ. ಆರಾಮ ಮನಿಗಿ ಹ್ವಾದ. ಇಲ್ಲಿ ನೋಡು, ನಮ್ಮ ಕಟ್ಟಿ ಮ್ಯಾಲ ಕುಂತು, ನಮ್ಮ ಮನಿ ರೊಟ್ಟಿ ತಿಂದು, ನನ್ನ ದಾಖಲಿ ಮುರಿಯಾಕ ನಿಂತಾನ."

ಹೀಗೆ ನನ್ನ ಮುಂದೆ ಹೇಳಿಕೊಂಡವನು ಪಕ್ಕದ ಮನೆಯ ಸಿದ್ರಾಮ. ರೊಟ್ಟಿ ತಿಂದವನು ಅವನ ಹೆಂಡತಿ ನಂದಾಳ ತಮ್ಮ ವೈಭವ. ಅವನಿಗೆ ಚೆಂಡು ಹಿಡಿಯಲು ಕಲಿಸಿ ಉಟಗಿ ತಂಡಕ್ಕೆ ಸೇರಿಸಿದವನೂ ಸಿದ್ರಾಮನೇ.

ಪ್ರತಿ ವರ್ಷ ಜೋಳದ ರಾಶಿ ಮುಗಿದ ಮೇಲೆ ಉಟಗಿಗೂ ಪಕ್ಕದೂರು ವಳಸಂಗಕ್ಕೂ ಪಂದ್ಯ. ಎರಡು ದಿನ ನಡೆಯುವುದರಿಂದ ಅದನ್ನು ಟೆಸ್ಟ್ ಎಂದೇ ಕರೆಯುತ್ತಾರೆ. ಪಿಚ್ಚೆಂದರೆ ಸಿದ್ರಾಮನ ಹೊಲದ ಕಣ. ಸಗಣಿ ಸಾರಿಸಿ, ಒಣಗಿಸಿ, ರೋಣಗಲ್ಲು ಉರುಳಿಸಿದರೆ ಕಲ್ಲಿನಷ್ಟು ಗಟ್ಟಿ. ಅಲ್ಲಿ ಅವನ ಚೆಂಡು ಪುಟಿದು ಎದೆಗೇ ಬರುತ್ತಿತ್ತು. ವಳಸಂಗದವರ ವಿಕೆಟ್ ಅವನಷ್ಟು ಕಿತ್ತವರು ಊರಲ್ಲಿಲ್ಲ. ಮೊಣಕಾಲು ಹಿಡಿದು ಈಗ ಅವನು ಆಡುವುದಿಲ್ಲ. ಈ ಸಲ ವೈಭವನಿಗೆ ಇನ್ನು ನಾಲ್ಕು ಬಿದ್ದರೆ ಸಿದ್ರಾಮನ ದಾಖಲೆ ಹೋಗುತ್ತಿತ್ತು.

ಪಂದ್ಯದ ಹಿಂದಿನ ಸಂಜೆ ಸಿದ್ರಾಮ ಬುಟ್ಟಿ ತುಂಬ ಸಗಣಿ ಹೊತ್ತು ಹೊರಟ. ನಂದಾ ಬಾಗಿಲಲ್ಲೇ ತಡೆದಳು.

"ಕಣ ಸಾರಿಸಿ ಒಣಗೇದ. ಮತ್ತ್ಯಾಕ?"

"ಬಿರುಕ ಬಿಟ್ಟದ."

"ಮುಂಜಾನಿ ನಾನ ನೋಡಿ ಬಂದೀನಿ. ಎಲ್ಲಿ ಬಿಟ್ಟದ?"

ಅವನು ಬುಟ್ಟಿ ಸರಿಮಾಡಿಕೊಂಡು ನಡೆದ. ಹಸಿ ನೆಲದಲ್ಲಿ ಚೆಂಡು ಪುಟಿಯದು, ಪುಟಿಯದಿದ್ದರೆ ವಿಕೆಟ್ ಬೀಳದು ಎಂದು ನಂಬಿ ದಪ್ಪಗೆ ಸಾರಿಸಿ ಬಂದ.

ಮರುದಿನ ಚೆಂಡು ಪುಟಿಯಲೇ ಇಲ್ಲ. ಆದರೆ ವೈಭವ ಕೈ ಎತ್ತದೆ ಪಕ್ಕದಿಂದ ಬೀಸಿ ಹಾಕುವವನು. ಸಿದ್ರಾಮ ಎಷ್ಟು ಬೈದರೂ ಆ ರೂಢಿ ಬಿಟ್ಟಿರಲಿಲ್ಲ. ಅವನ ಚೆಂಡು ಹಸಿ ಸಗಣಿಯ ಮೇಲೆ ಜಾರಿ, ಬ್ಯಾಟಿನ ಕೆಳಗೆ ನುಸುಳಿ, ನೇರ ಸ್ಟಂಪಿಗೆ ಹೋಯಿತು. ಜನ ಕೇಕೆ ಹಾಕಿದರು. ಸಿದ್ರಾಮ ಬೇವಿನ ಮರಕ್ಕೆ ಒರಗಿ ಹುಲ್ಲು ಕೀಳುತ್ತ ಕೂತಿದ್ದ.

"ಕೈ ಎತ್ತದ ಹಾಕಿದ್ದು ವಿಕೆಟ್ ಏನ ಅತ್ತಿ ಅದು?" ಎಂದ.

ಊಟದ ಹೊತ್ತಿಗೆ ವೈಭವನಿಗೆ ಐದು ಬಿದ್ದವು. ಐದನೆಯವನು ವಳಸಂಗದ ಕ್ಯಾಪ್ಟನ್ ಬಸಗೊಂಡ. ಪ್ಯಾಂಟೆಲ್ಲ ಸಗಣಿಯಾಗಿ ನಮ್ಮ ಮುಂದೆಯೇ ಹಾದುಹೋದ.

"ಸಿದ್ರಾಮ, ಆಡೂ ಮುಂದ ನಮ್ಮ ಎದಿ ಒಡದಿ. ಈಗ ಆಡದನ ನಮ್ಮ ಕಾಲ ಮುರದೆಲ್ಲೋ ಮಾರಾಯಾ."

ಸಂಜೆ ವೈಭವ ಬಂದು ಸಿದ್ರಾಮನ ಕಾಲಿಗೆ ಬಿದ್ದ.

"ಮಾವ, ನನ್ನ ಸಲುವಾಗಿ ಕಣ ಮತ್ತ ಸಾರಿಸಿದ್ರಂತ. ಅಕ್ಕ ಹೇಳಿದ್ಲು."

ನಂದಾ ಸೆರಗಿನಿಂದ ನಗು ಮುಚ್ಚಿಕೊಂಡು ಒಳಗೆ ಸರಿದಳು. ಸಿದ್ರಾಮ ಅಲ್ಲವೆಂದರೆ ಯಾಕೆ ಸಾರಿಸಿದೆನೆಂದು ಹೇಳಬೇಕು. ಹೌದೆಂದರೆ ದಾಖಲೆಯನ್ನು ತಾನೇ ಕೈಯೆತ್ತಿ ಕೊಟ್ಟಂತೆ. ಸಿದ್ರಾಮ ಬಗ್ಗಿ ವೈಭವನ ಬೆನ್ನು ಮುಟ್ಟಿದ.

"ಹೂಂ. ಏಳು," ಎಂದ.

"ಬರೂ ವರ್ಷಾನೂ ಹಂಗ ಸಾರಿಸ್ರಿ ಮಾವ."

ಹಿತ್ತಲಲ್ಲಿ ಎಮ್ಮೆ ಕೂಗಿತು. ಸಿದ್ರಾಮ ಚರಿಗೆ ಹಿಡಿದು ಹೋದ. ಕರುವನ್ನು ಒಂದಿಷ್ಟು ಉಣ್ಣಲು ಬಿಟ್ಟು, ಎಳೆದು ಕಟ್ಟಿ, ಕೆಚ್ಚಲಿಗೆ ನೀರು ಚಿಮುಕಿಸಿ, ಕುಕ್ಕರಗಾಲಲ್ಲಿ ಕೂತು ಹಾಲು ಹಿಂಡತೊಡಗಿದ.