ಮೈಕಕ್ಕ ಕಿಟಕಿ ಮುಚ್ಚಿದ ದಿನ

ಮೈಕಕ್ಕ ಬಾಯಿ ಮುಚ್ಚಿಕೊಂಡಿರಬೇಕಾದ ಕೆಲಸಕ್ಕೆ ಸೇರಿದಳು ಎಂದಾಗ ನಮ್ಮ ಬೀದಿಯಲ್ಲಿ ಯಾರೂ ನಂಬಲಿಲ್ಲ. ಬಟ್ಟೆ ಗಿರಣಿಯ ಗೇಟಿನ ಮುಂದೆ ಅವಳು ಒಂದು ಘೋಷಣೆ ಎತ್ತಿಕೊಟ್ಟರೆ ಇಡೀ ಪಾಳಿಯ ಗಂಟಲು ಅದರ ಹಿಂದೆ ಓಡುತ್ತಿತ್ತು. ಒಮ್ಮೆ ಪೊಲೀಸರು ಸಂಘದ ಧ್ವನಿವರ್ಧಕ ಕಿತ್ತುಕೊಂಡು ಹೋದರು. "ಹೋಗ್ಲಿ ಬಿಡ್ರೋ, ಇನ್ನೊಂದು ಮೈಕು ಇಲ್ಲೇ ನಿಂತಿದೆ" ಎಂದು ಯಾರೋ ಅವಳತ್ತ ಕೈ ತೋರಿಸಿದ. ಅವತ್ತಿಗೆ ಅಪ್ಪ ಅಮ್ಮ ಇಟ್ಟ ಹೆಸರು ಮೂಲೆಗೆ ಸೇರಿತು.

ಮಗ್ಗದ ಶೆಡ್ಡಿನಲ್ಲಿ ದುಡಿದವರಿಗೆ ಎರಡು ಚಾಳಿ ಅಂಟಿಕೊಳ್ಳುತ್ತವೆ. ಅರ್ಧ ಕಿವಿ ಹೋಗಿರುತ್ತದೆ, ಹಾಗಾಗಿ ಮಾತೆಲ್ಲ ಕೂಗಿಯೇ ಆಡುವುದು. ನಮ್ಮ ಬೀದಿಯಲ್ಲಿ ಗಂಡ ಹೆಂಡತಿ ಗುಟ್ಟು ಮಾತಾಡಿದರೆ ಎದುರು ಮನೆಯವರು ಕಿಟಕಿಯಿಂದ ಸಲಹೆ ಕೊಡುತ್ತಾರೆ. ಇನ್ನೊಂದು, ತುಟಿ ಓದುವುದು. ಮಗ್ಗಗಳ ಅಬ್ಬರದಲ್ಲಿ ಕೂಗಿದರೂ ಕೇಳುವುದಿಲ್ಲ, ಆದ್ದರಿಂದ ಸದ್ದಿಲ್ಲದೆ ತುಟಿಯಾಡಿಸಿ ಮೇಸ್ತ್ರಿಯ ಜಾತಕವನ್ನೆಲ್ಲ ಜಾಲಾಡುತ್ತಿದ್ದರು. ಸಾಲಿನ ಆ ತುದಿಯಲ್ಲಿ ಆಡಿದ್ದು ಈ ತುದಿಯಲ್ಲಿದ್ದ ಮೈಕಕ್ಕನಿಗೆ ತಿಳಿದು, ಅವಳು ಬಗ್ಗಿ ನಗುತ್ತಿದ್ದಳು.

ಅವಳ ಗಂಡನೂ ಅದೇ ಶೆಡ್ಡಿನವನು. ಒಂದು ಮಧ್ಯಾಹ್ನ ಮಗ್ಗದ ಪಕ್ಕದಲ್ಲೇ ಕುಸಿದ. ತಲೆಯೊಳಗೆ ರಕ್ತನಾಳ ಒಡೆದಿದೆ ಎಂದರು. "ಬಿಪಿ ಇತ್ತಂತೆ. ಇತ್ತು ಅನ್ನೋದು ಸತ್ತ ಮೇಲೆ ಗೊತ್ತಾಯ್ತು. ಇದೆಂಥಾ ಕಾಯಿಲೆ, ಗುರುತಿನ ಚೀಟಿ ಸಾವಿನ ಜೊತೆ ಬರುತ್ತೆ!" ಎಂದು ಅವಳು ಸಿಟ್ಟಾದಳು. ಎಲ್ಲ ಕಾರ್ಮಿಕರ ರಕ್ತದೊತ್ತಡವನ್ನೂ ಗಿರಣಿಯವರೇ ನೋಡಿಸಬೇಕೆಂದು ನಾವು ಗೇಟಿಗೆ ಅಡ್ಡ ಕೂತೆವು. ಗೆದ್ದೆವು. ಆಮೇಲೆ ಗಿರಣಿಯೇ ಮುಚ್ಚಿತು.

ಉಳಿದವರು ಮೂಲೆ ಅಂಗಡಿಯ ಮುಂದೆ ಕೂತು ಗಿರಣಿಯ ಕಾಲವನ್ನು ಮೆಲುಕು ಹಾಕುತ್ತಿದ್ದಾಗ ಮೈಕಕ್ಕ ಆರೋಗ್ಯ ಕೇಂದ್ರದಲ್ಲಿ ಸಹಾಯಕಿಯ ತರಬೇತಿಗೆ ಸೇರಿದಳು. ಅಲ್ಲಿಗೇ ಈ ಪ್ರಯೋಗ ಬಂತು.

ವಿಷಯ ಇಷ್ಟು. ರಕ್ತದೊತ್ತಡ ಇರುವವರಿಗೆ ಇಂಟರ್ನೆಟ್ಟಿನಲ್ಲಿ ಪಾಠ ಮಾಡಿದರೆ ಒತ್ತಡ ಇಳಿಯುತ್ತದೆಯೇ? ಅದನ್ನು ನೋಡಬೇಕಿತ್ತು. ಬೀದಿಯಲ್ಲಿ ಬಿಪಿ ಇದ್ದ ಹಳೇ ಗಿರಣಿಯವರೆಲ್ಲ ಹೆಸರು ಕೊಟ್ಟೆವು. ಯಾರಿಗೆ ಏನು ಎಂದು ಕಂಪ್ಯೂಟರು ಚೀಟಿ ಎತ್ತಿತು. ಅರ್ಧ ಜನರ ಫೋನಿಗೆ ವಾರವಾರ ಪಾಠ ಬರುತ್ತಿತ್ತು. ಉಪ್ಪು ಹೇಗೆ ಇಳಿಸಬೇಕು, ಮಾತ್ರೆ ಯಾಕೆ ಬಿಡಬಾರದು, ನಡಿಗೆ ಎಷ್ಟಿರಬೇಕು ಎಂದೆಲ್ಲ ಚಿತ್ರ ತೋರಿಸಿ, ಕೊನೆಗೆ ಪ್ರಶ್ನೆ ಕೇಳುತ್ತಿತ್ತು. ಉತ್ತರ ಕೊಡದಿದ್ದರೆ ಮರುದಿನ ಬೆಳಿಗ್ಗೆ ಮತ್ತೆ ಬಂದು ಪೀಡಿಸುತ್ತಿತ್ತು. ಉಳಿದರ್ಧ ಜನರಿಗೆ ಒಂದು ಮಡಿಸಿದ ಕರಪತ್ರ. ಮಾತ್ರೆ, ಡಾಕ್ಟರು ಎಲ್ಲರಿಗೂ ಒಂದೇ. ನಡುನಡುವೆ ಅಳೆಯುತ್ತಿದ್ದು, ವರ್ಷ ಕಳೆದ ಮೇಲೆ ಕೊನೆಯ ಸಲ ಅಳೆದು ಯಾವ ಗುಂಪಿನದು ಎಷ್ಟು ಇಳಿಯಿತು ಎಂದು ನೋಡುವುದು.

ಅಳೆಯುವವಳು ಮೈಕಕ್ಕ. ಯಾರು ಯಾವ ಗುಂಪು ಎಂಬುದು ಅವಳಿಗೆ ತಿಳಿಯಕೂಡದು.

"ನಿಮ್ಮ ಮೇಲೆ ಅನುಮಾನ ಅಲ್ಲಮ್ಮ. ಗೊತ್ತಿದ್ದರೆ ಯಾರ ಕೈ ಆದರೂ ಸ್ವಲ್ಪ ವಾಲುತ್ತೆ" ಎಂದು ಕೇಂದ್ರದ ಡಾಕ್ಟರಮ್ಮ ವಿವರಿಸಲು ಹೊರಟರು.

"ಅನುಮಾನ ಪಡಿ ಡಾಕ್ಟ್ರಮ್ಮ, ನನಗೇ ಇದೆ" ಎಂದಳು ಮೈಕಕ್ಕ. "ಈ ಪಾಠ ಗೆಲ್ಲಲಿ ಅಂತ ನನಗೆ ಆಸೆ. ಮಿಷನ್ ಸುಳ್ಳು ಹೇಳಲ್ಲ, ಆದ್ರೆ ತೋಳಿಗೆ ಪಟ್ಟಿ ಕಟ್ಟೋ ಕೈ ಹೇಳುತ್ತೆ. ಒಬ್ಬರಿಗೆ ಇನ್ನೊಂದು ನಿಮಿಷ ಕೂತ್ಕೊಳ್ಳಿ ಅನ್ನೋದು, ಇನ್ನೊಬ್ಬರನ್ನ ಬಂದ ಹಾಗೇ ಅಳೆದು ಕಳ್ಸೋದು. ಪಾಠ ನಿಜವಾಗ್ಲೂ ಕೆಲಸ ಮಾಡುತ್ತಾ ಅಂತ ನನಗೆ ಗೊತ್ತಾಗ್ಬೇಕು. ನನ್ನ ಆಸೆ ಕೆಲಸ ಮಾಡಿತು ಅಂತ ಅಲ್ಲ."

ಹಿಂದಿನ ಕೋಣೆಯಲ್ಲಿ ಒಂದು ಕುರ್ಚಿಯನ್ನು ಗೋಡೆಗೆ ಮುಖ ಮಾಡಿ ಹಾಕಿಸಿದಳು. ಬಂದವರು ಅವಳಿಗೆ ಬೆನ್ನು ತಿರುಗಿಸಿ ಕೂರಬೇಕು, ಎಡಗೈಯನ್ನು ಪಕ್ಕದ ಮೇಜಿನ ಮೇಲಿಡಬೇಕು, ಗೋಡೆಯಲ್ಲಿ ಸುಣ್ಣ ಎದ್ದಿದ್ದನ್ನು ನೋಡುತ್ತಿರಬೇಕು. ನಮ್ಮವರು ಉಸಿರೆಳೆದುಕೊಂಡರೂ ತುಟಿಯಾಡುತ್ತದೆ, ಅದನ್ನೂ ಓದಿಬಿಡುತ್ತಾಳೆ. ಬೀದಿಗೂ ಒಂದು ಕಾನೂನು ತಂದಳು: ಉಪ್ಪು, ಫೋನು, ಬಿಪಿ, ಈ ಮೂರು ಮಾತು ಅವಳೆದುರು ಎತ್ತಕೂಡದು.

"ಅತ್ತೆ, ಅಡುಗೆಗೆ ಉಪ್ಪು ಕಮ್ಮಿ ಆಗಿದೆಯಾ ಅಂತ ನಿಮ್ಮನ್ನ ಕೇಳಬಹುದಾ? ಇಲ್ಲಾ ಗೋಡೆ ಹತ್ರ ಕೇಳ್ಲಾ?" ಎಂದು ಸೊಸೆ ರೇಗಿಸುತ್ತಿದ್ದಳು. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡ ಹುಡುಗಿ, ನಾಲಿಗೆ ಸೂಜಿಯಷ್ಟೇ ಚುರುಕು.

"ನೀನು ಪ್ರಯೋಗದಲ್ಲಿ ಇಲ್ಲ ಕಣೇ. ನಿನ್ನ ಜೊತೆ ಎಷ್ಟು ಬೇಕಾದ್ರೂ ಜಗಳ ಆಡ್ಬಹುದು."

"ಪುಣ್ಯ ನನ್ದು. ನಿಮ್ಮ ಬಾಯಿಗೆ ನಾನೊಬ್ಳೇ ಉಳಿದೆ."

ಹೀಗೆ ವರ್ಷದ ಬಹುಭಾಗ ಸಾಗಿತು. ಕೆಡಿಸಿದವನು ಬಾಯ್ಲರಣ್ಣ. ಗಿರಣಿಯಲ್ಲಿ ಬಾಯ್ಲರು ನೋಡಿಕೊಳ್ಳುತ್ತಿದ್ದವನು, ಸ್ವಭಾವವೂ ಅದರದ್ದೇ. ಅವನಿಗೆ ಕರಪತ್ರ ಬಂದಿತ್ತು, ಗಿರಣಿಯಲ್ಲಿ ನೂಲಿಗೆ ಬಣ್ಣ ಹಾಕುತ್ತಿದ್ದ ಪಕ್ಕದ ಮನೆಯವನಿಗೆ ಪಾಠ. ಜಗುಲಿಯ ಮೇಲೆ ಕೂತು ಬಣ್ಣದವನು ಪಾಠ ನೋಡುತ್ತ "ಸರಿ ಉತ್ತರ, ಭೇಷ್!" ಎಂದು ಫೋನಿನಿಂದ ಹೊಗಳಿಸಿಕೊಳ್ಳುವುದನ್ನು ವಾರವಾರ ಕೇಳಿ ಇವನ ತಲೆ ಕಾದುಹೋಯಿತು. ಒಂದು ದಿನ ಸಂಘದ ಹಳೇ ಕೋಣೆಗೆ ನುಗ್ಗಿದ.

"ಅವನಿಗೆ ಸಿನಿಮಾ, ನನಗೆ ಪೊಟ್ಟಣ ಕಟ್ಟೋ ಕಾಗದನಾ? ಬಿಪಿ ಇಬ್ಬರದೂ ಒಂದೇ ತಾನೆ?"

ಅವನ ಮಾತು ನಮಗೆ ಹಿಡಿಸಿತು. ನಾನೂ ಕರಪತ್ರದವನೇ. ಒಂದೇ ಕೆಲಸಕ್ಕೆ ಎರಡು ಲೆಕ್ಕ ಎಂದರೆ ನಮ್ಮಂಥವರಿಗೆ ತಕ್ಷಣ ಮೈ ಉರಿಯುತ್ತದೆ. ಕರಪತ್ರದವರೆಲ್ಲ ಸೇರಿದೆವು, ತೀರ್ಮಾನ ಮಾಡಿದೆವು: ನಮಗೂ ಪಾಠ ಕೊಡುವವರೆಗೆ ಕೊನೆಯ ಅಳತೆಗೆ ಒಬ್ಬನೂ ತೋಳು ಕೊಡುವುದಿಲ್ಲ. ಬ್ಯಾನರು ಬರೆಸಿದೆವು. "ಕರಪತ್ರದವರಿಗೂ ಪಾಠ ಬೇಕು!" ಬೆಳಿಗ್ಗೆ ಕೇಂದ್ರದ ಬಾಗಿಲು ತೆಗೆಯುವ ಹೊತ್ತಿಗೆ ಎದುರಿಗೆ ಸಾಲಾಗಿ ನಿಂತೆವು. ಗಿರಣಿ ಮುಚ್ಚಿದ ಮೇಲೆ ಮೊದಲ ಸಲ ಮೈ ಬಿಸಿಯಾಗಿತ್ತು.

ಹಿಂದಿನ ಕೋಣೆಯ ಕಿಟಕಿ ರಸ್ತೆಗೇ ತೆರೆದುಕೊಳ್ಳುತ್ತದೆ. ನಾವು ಮೊದಲ ಘೋಷಣೆ ಕೂಗಿದ್ದೇ ತಡ, ಮೈಕಕ್ಕ ಅಲ್ಲಿ ಕಾಣಿಸಿಕೊಂಡಳು. ಒಂದು ಕ್ಷಣ ನೋಡಿದಳು. ಕಿಟಕಿಯ ಎರಡೂ ಬಾಗಿಲನ್ನು ದಡಾರನೆ ಮುಚ್ಚಿ ಚಿಲಕ ಹಾಕಿದಳು.

ಬಾಯ್ಲರಣ್ಣ ಕಿಡಿಯಾದ. "ನೋಡಿದ್ರಾ? ಕುರ್ಚಿ ಸಿಕ್ಕ ಮೇಲೆ ಮೈಕೂ ಅವರ ಕಡೆ ತಿರುಗ್ತು!"

ಮುಚ್ಚಿದ ಕಿಟಕಿಯ ಹಿಂದಿನಿಂದ ಆ ಹಳೇ ಗಂಟಲು ಹೊರಟಿತು. "ಲೇ ಬಾಯ್ಲರ್! ನಿನ್ನ ತಲೇಲಿ ಹಬೆ ಬಿಟ್ಟು ಬೇರೇನಾದ್ರೂ ಇದೆಯೇನೋ?"

"ಹೊರಗೆ ಬಂದು ಹೇಳಕ್ಕ!"

"ಬರೋ ಹಾಗೆ ಇಟ್ಟಿದೀಯಾ? ವರ್ಷವೆಲ್ಲ ಗೋಡೆ ನೋಡ್ಕೊಂಡು ಕೂರಿ ಅಂತ ಬಾಯಿ ಬಡ್ಕೊಂಡೆ. ಈಗ ಕರಪತ್ರದವರೆಲ್ಲ ಸಾಲಾಗಿ ನಿಂತು ಮುಖ ತೋರಿಸ್ತಿದೀರಿ. ಆ ಬ್ಯಾನರ್ ಕೆಳಗೆ ನಿಂತವರೆಲ್ಲ ಯಾವ ಗುಂಪು ಅಂತ ನನಗೆ ಹೇಳ್ದಂಗೇ ಆಯ್ತಲ್ಲೋ! ಇನ್ನು ನಾನು ಯಾರ ಕೈಗೆ ಪಟ್ಟಿ ಕಟ್ಲಿ?"

ಬ್ಯಾನರು ಹಿಡಿದಿದ್ದ ಇಬ್ಬರು ಅದನ್ನು ಮೆಲ್ಲಗೆ ಮುಖದವರೆಗೆ ಎತ್ತಿಕೊಂಡರು. ನಾವು ಎಷ್ಟೋ ಮೆರವಣಿಗೆ ಮಾಡಿದವರು. ನಮ್ಮ ಮುಖ ಎಲ್ಲರಿಗೂ ಕಾಣಲಿ ಎಂದೇ ನಿಲ್ಲುತ್ತಿದ್ದೆವು. ಮುಖ ಕಂಡದ್ದೇ ಕೆಡುಕಾದ ಹೋರಾಟ ಇದೊಂದೇ.

"ಯಾರ್ಯಾರು ಕಂಡ್ರು ನಿನಗೆ?" ಎಂದು ನಾನು ಕೇಳಿದೆ.

"ಮುಂದಿನ ಸಾಲು. ನೀನು, ಈ ಬಾಯ್ಲರು, ಮತ್ತೆ ಇನ್ನು ಕೆಲವರು. ಹಿಂದಿನವರು ಕಾಣೋ ಮೊದ್ಲೇ ಮುಚ್ಚಿದೆ. ನಿಮ್ಮನ್ನ ಇನ್ನು ನಾನು ಮುಟ್ಟಲ್ಲ, ಬೇರೆ ಕೇಂದ್ರದವರನ್ನ ಕರೆಸಿ ಅಂತ ಡಾಕ್ಟ್ರಮ್ಮಂಗೆ ಹೇಳ್ತೀನಿ."

"ಅಳತೆಗೇ ಬರಲ್ಲ ಅಂತ ಹೇಳೋಕೆ ಬಂದಿದೀವಿ!" ಎಂದ ಬಾಯ್ಲರಣ್ಣ.

"ಬರ್ಬೇಡ. ಆಮೇಲೆ ಪಾಠದವರು ಮಾತ್ರ ಬರ್ತಾರೆ. ಅವರ ಬಿಪಿ ಇಳಿದಿದ್ರೆ ಪಾಠದಿಂದ ಇಳೀತಾ, ಮಾತ್ರೆಯಿಂದ ಇಳೀತಾ? ಯಾರ ಪಕ್ಕ ಇಟ್ಟು ನೋಡ್ಬೇಕು? ಮುಷ್ಕರದ ದಿನ ಗೇಟಿನ ಹೊರಗೆ ಎಷ್ಟು ಜನ ಇದ್ರು ಅಂತ ಮಾತ್ರ ಹೇಳಿ, ಒಳಗೆ ಎಷ್ಟು ಮಗ್ಗ ಓಡ್ತಿತ್ತು ಅಂತ ಹೇಳ್ದಿದ್ರೆ, ಮುಷ್ಕರ ಗೆದ್ದಿತೋ ಬಿತ್ತೋ ನಿನಗೆ ಹೇಗೋ ತಿಳೀತಿತ್ತು? ನೀವು ಬರ್ದಿದ್ರೆ ಈ ವರ್ಷ ಪೂರ್ತಿ ನೀರಲ್ಲಿ ಹೋಮ. ಆ ಪಾಠ ಒಳ್ಳೇದೋ ಬೂಟಾಟಿಕೆಯೋ ಯಾರಿಗೂ ತಿಳಿಯಲ್ಲ. ಆಮೇಲೆ ಯಾವನೂ ಯಾರಿಗೂ ಕೊಡಲ್ಲ. ನಿನಗೂ ಇಲ್ಲ, ನಿನ್ನ ಮಕ್ಕಳಿಗೂ ಇಲ್ಲ."

"ಹಾಗಾದ್ರೆ ಬಾಯಿ ಮುಚ್ಕೊಂಡು ಮನೆಗೆ ಹೋಗ್ಬೇಕಾ?"

"ನಾನೆಲ್ಲಿ ಹಾಗಂದೆ? ಕೇಳೋದು ನ್ಯಾಯವಾದ್ದೇ. ಜೋರಾಗಿ ಕೇಳಿ. ಆದ್ರೆ ಪಾಠದವರನ್ನೂ ಕರ್ಕೊಂಡು ಬಂದು ಪಕ್ಕದಲ್ಲಿ ನಿಲ್ಲಿಸ್ಕೊಂಡು ಕೇಳಿ. ಎಲ್ಲರೂ ಕಲಸಿ ನಿಂತ್ರೆ ಯಾರು ಯಾರು ಅಂತ ನನಗೇನು ಕಾಣುತ್ತೆ? ಹೋಗಿ ಈಗ. ಬ್ಯಾನರ್ ಸುತ್ಕೊಂಡು ಹೋಗಿ!"

ಸುತ್ತಿಕೊಂಡು ಹೋದೆವು.

ಪಾಠದವರನ್ನು ಹೊರಡಿಸುವುದು ಸುಲಭವಿರಲಿಲ್ಲ. ಸಿಕ್ಕಿದವನಿಗೆ ಸಿಗದವನ ಸಂಕಟ ಯಾವ ಕಾಲದಲ್ಲೂ ಬೇಗ ತಿಳಿದಿಲ್ಲ. "ನಮಗೆ ಬಂದಿದೆಯಲ್ಲ, ನಮಗ್ಯಾಕೆ ಗಲಾಟೆ?" ಎಂದು ಮನೆಮನೆಯಲ್ಲೂ ಕೇಳಿದರು. ಬಣ್ಣದವನ ಜಗುಲಿಗೆ ಬಾಯ್ಲರಣ್ಣನೇ ಹೋಗಬೇಕಾಯಿತು. ತನ್ನ ಜನ್ಮದಲ್ಲಿ ಅವನು ಯಾರನ್ನೂ ಬೇಡಿದವನಲ್ಲ.

"ಬಾರಪ್ಪಾ, ಒಂದು ಗಂಟೆ ನಿಂತು ಹೋಗು" ಎಂದ, ಹಲ್ಲು ಕಚ್ಚಿಕೊಂಡು.

"ಬರ್ತೀನಿ. ಆದ್ರೆ ವರ್ಷ ಪೂರ್ತಿ ನನ್ನ ಫೋನಿಗೆ ಶಾಪ ಹಾಕಿದೀಯಲ್ಲ, ಅದನ್ನ ವಾಪಸ್ ತಗೋ."

"ನಿನ್ನ ಫೋನು ನೂರು ವರ್ಷ ಬಾಳ್ಲಿ. ಎದ್ದೇಳೀಗ."

ಎರಡು ದಿನದ ಮೇಲೆ ಮತ್ತೆ ನಿಂತೆವು, ಈ ಸಲ ಪಾಠದವರೂ ಕರಪತ್ರದವರೂ ಹೆಗಲಿಗೆ ಹೆಗಲು. ಪ್ರಯೋಗಕ್ಕೆ ಸಂಬಂಧವೇ ಇಲ್ಲದ ಮೈಕಕ್ಕನ ಸೊಸೆ ಹೊಲಿಗೆ ಬಿಟ್ಟು ಬಂದು ಮುಂದೆ ನಿಂತಳು. "ಗುಂಪು ಇನ್ನೂ ಕಲಸಿಹೋಗ್ಲಿ ಅಂತ ಬಂದೆ" ಎಂದಳು. ಬ್ಯಾನರಿನಿಂದ ಕರಪತ್ರದ ಮಾತು ತೆಗೆದು "ಅಳತೆಯಾದ ಮೇಲೆ ಎಲ್ಲರಿಗೂ ಪಾಠ" ಎಂದು ಬರೆಸಿದ್ದೆವು. ಕಿಟಕಿ ತೆರೆದೇ ಇತ್ತು. ಮೈಕಕ್ಕ ಅದರ ಸರಳು ಹಿಡಿದು ನಮ್ಮನ್ನೆಲ್ಲ ನೋಡುತ್ತಿದ್ದಳು. ಕೆಲಸದಲ್ಲಿದ್ದವಳು ಘೋಷಣೆ ಕೂಗಲಿಲ್ಲ. ನಾವು ತಾಳ ತಪ್ಪಿದಾಗ ಮಾತ್ರ ಸರಳಿನ ಮೇಲೆ ಬೆರಳು ಬಡಿದಳು.

ಡಾಕ್ಟರಮ್ಮ ಹೊರಗೆ ಬಂದು ನಿಂತು ಕೇಳಿಸಿಕೊಂಡರು. ಹುಸಿ ಭರವಸೆ ಕೊಡಲಿಲ್ಲ. "ಅಳತೆ ಮುಗಿಯೋ ಮೊದಲು ಒಂದೇ ಒಂದು ಪಾಠವನ್ನೂ ಕೊಡಲ್ಲ. ಎಷ್ಟು ಕೂಗಿದರೂ ಇಲ್ಲ. ಮುಗಿದ ಮೇಲೆ ಕೊಡೋದು ನನಗೂ ಸರಿ ಅನ್ನಿಸುತ್ತೆ. ಆದರೆ ತೀರ್ಮಾನ ನನ್ನ ಕೈಯಲ್ಲಿಲ್ಲ, ಪ್ರಯೋಗದ ನೀತಿ ನೋಡೋ ಸಮಿತಿ ಇದೆ. ಅವರನ್ನು ಕೇಳ್ತೀನಿ" ಎಂದರು. ಮುಖಕ್ಕೆ ಹೊಡೆದಂತೆ ಇಲ್ಲ ಎನ್ನುವವರ ಹೌದನ್ನು ನಂಬಬಹುದು. ಬಾಯ್ಲರಣ್ಣ ಗೊಣಗಿದ, ಆದರೆ ಒಪ್ಪಿದ. ಸಮಿತಿಯೂ ಒಪ್ಪಿತು. ಕೊನೆಯ ಅಳತೆ ಮುಗಿದ ಮರುದಿನದಿಂದ ಕರಪತ್ರದವರಿಗೂ ಪಾಠ.

ಅಳತೆಯ ದಿನಗಳಲ್ಲಿ ಜನ ಬಂದರು. ಊರುಗೋಲು ಹಿಡಿದು ಬಂದರು, ಮಗಳ ಮನೆಗೆ ಹೋಗಿದ್ದವರು ಬಸ್ಸು ಹತ್ತಿ ಬಂದರು. ಮುಂದಿನ ಸಾಲಿನಲ್ಲಿ ಸಿಕ್ಕಿಬಿದ್ದ ನಮ್ಮನ್ನು ಅಳೆಯಲು ಬೇರೆ ಕೇಂದ್ರದಿಂದ ಬಂದ ನರ್ಸಮ್ಮ ಬೇರೆ ಕೋಣೆಯಲ್ಲಿ ಕೂತಿದ್ದರು. ನಮ್ಮನ್ನು ಯಾಕೆ ಬೇರೆ ಮಾಡಿದ್ದು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ನಾನು ಹೋಗಿ ಕೂತೆ, ಮುಗಿಸಿದೆ. ಬಾಯ್ಲರಣ್ಣ ಮಾತ್ರ ಕೊನೆಯ ದಿನದವರೆಗೂ ಪತ್ತೆಯಿಲ್ಲ. ಮೈಕಕ್ಕನೇ ಅವನ ಮನೆ ಬಾಗಿಲಿಗೆ ಹೋದಳು.

"ನೀನು ಅಳೆದರೆ ಬರ್ತೀನಿ. ಗೊತ್ತಿಲ್ದವರ ಕೈಗೆ ತೋಳು ಕೊಡಲ್ಲ" ಎಂದು ಮಂಚದ ಮೇಲಿಂದಲೇ ಹೇಳಿದ.

"ನಾನು ಅಳೆಯಲ್ಲ. ನನಗೆ ನಿನ್ನ ಗುಂಪು ಗೊತ್ತು."

"ಗೊತ್ತಿದ್ರೇನಾಯ್ತಕ್ಕ? ನೀನು ಸುಳ್ಳು ಬರೀತೀಯಾ?"

"ಬರೆಯಲ್ಲ. ಆದ್ರೆ ನಾಳೆ ಯಾರಾದ್ರೂ ಬಂದು, ಆ ಹೆಂಗಸಿಗೆ ಗೊತ್ತಿತ್ತು, ಅದಕ್ಕೇ ಕರಪತ್ರದವನದು ಜಾಸ್ತಿ ತೋರಿಸಿದ್ಳು ಅಂದ್ರೆ ನಾನೇನು ಹೇಳ್ಲಿ? ಇಲ್ಲ ಅಂತ ಆಣೆ ಇಡ್ಲಾ? ಆಣೆ ಬೇಡ ನನಗೆ. ಯಾರೂ ಬೆರಳು ತೋರ್ಸೋಕೆ ಜಾಗ ಇರ್ಬಾರ್ದು. ಚಪ್ಪಲಿ ಹಾಕ್ಕೋ."

ಅವನು ಚಪ್ಪಲಿ ಹಾಕಿಕೊಂಡ. ದಾರಿಯುದ್ದಕ್ಕೂ ಅವಳು ಅವನಿಗಿಂತ ಹತ್ತು ಹೆಜ್ಜೆ ಮುಂದೆ, ತಿರುಗಿ ನೋಡದೆ ನಡೆದಳು. ಅವನು ಹಿಂದೆ ಬೈಯುತ್ತ ಬಂದ. ಕೇಂದ್ರದಲ್ಲಿ ನರ್ಸಮ್ಮನ ಕೋಣೆಗೆ ಅವನನ್ನು ತಳ್ಳಿ ಬಾಗಿಲು ಎಳೆದುಕೊಂಡಳು.

ಫಲಿತಾಂಶ ಬರಲು ತಿಂಗಳುಗಳೇ ಹಿಡಿದವು. ಕೇಂದ್ರದ ಜಗುಲಿಯಲ್ಲಿ ಎಲ್ಲರನ್ನೂ ಕೂರಿಸಿ ಡಾಕ್ಟರಮ್ಮ ಹೇಳಿದರು. ಎರಡೂ ಗುಂಪಿನದು ಇಳಿದಿದೆ. ಪಾಠದ ಗುಂಪಿನದು ಇನ್ನೂ ಸ್ವಲ್ಪ ಹೆಚ್ಚು ಇಳಿದಿದೆ. ಅದೃಷ್ಟದಿಂದ ಆಗುವಷ್ಟು ಸಣ್ಣ ವ್ಯತ್ಯಾಸವಲ್ಲ, ಪಾಠದಿಂದಲೇ ಆದದ್ದು. ದೊಡ್ಡ ಪವಾಡವೂ ಅಲ್ಲ.

"ಇಷ್ಟಕ್ಕೇನಾ ಇಷ್ಟೆಲ್ಲ?" ಎಂದು ಬಾಯ್ಲರಣ್ಣ ಎದ್ದು ನಿಂತ. ಅವನ ಫೋನಿಗೂ ಆಗ ಪಾಠ ಬರುತ್ತಿತ್ತು, ಉತ್ತರ ತಪ್ಪಾದಾಗಲೆಲ್ಲ ಫೋನಿನ ಜೊತೆ ಜಗಳವಾಡುತ್ತಿದ್ದ.

ಮೈಕಕ್ಕ ಕೂತಲ್ಲಿಂದಲೇ ತಿರುಗಿದಳು. "ಇಷ್ಟಕ್ಕೇ. ಸ್ವಲ್ಪವೇ, ಆದ್ರೆ ಗಟ್ಟಿ. ಯಾವ ಕಚೇರಿಗೆ ಬೇಕಾದ್ರೂ ತಗೊಂಡು ಹೋಗಿ ಮೇಜಿನ ಮೇಲಿಡ್ಬಹುದು."

"ಯಾವ ಕಚೇರಿಗೆ?" ಎಂದು ಡಾಕ್ಟರಮ್ಮ ಕೇಳಿದರು.

"ಎಲ್ಲಾ ಕೇಂದ್ರಕ್ಕೂ ಈ ಪಾಠ ಕೊಡಿ ಅಂತ ಯಾರನ್ನ ಕೇಳ್ಬೇಕೋ ಅವರ ಕಚೇರಿಗೆ. ವಿಳಾಸ ನೀವು ಹೇಳಿ, ಜನ ನಾನು ಕರ್ಕೊಂಡು ಬರ್ತೀನಿ."

ಡಾಕ್ಟರಮ್ಮ ವಿಳಾಸ ಹೇಳಿದರು. ಬಣ್ಣದವನು ಯಾವ ಬಸ್ಸು ಹಿಡಿಯಬೇಕೆಂದು ಕೇಳತೊಡಗಿದ.